ಡಿಸ್ಕ್ ಪ್ಲೇಯರನ್ನು ಹೋಮ್ ಥಿಯೇಟರಿಗೆ ಜೋಡಿಸುವುದು: ವೈರಿಗಿಂತ ಮೊದಲು ದಾರಿ

ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳ ಕಪಾಟಿನಲ್ಲಿ ಇಂದಿಗೂ ಡಿಸ್ಕುಗಳು ಜೋಪಾನವಾಗಿವೆ. ಮದುವೆ, ಮುಂಜಿವೆಗಳ ವಿಸಿಡಿಗಳು, ಚಲನಚಿತ್ರಗಳ ಡಿವಿಡಿಗಳು, ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ ಅವರ ಗಾಯನದ ಸಿಡಿಗಳು, ಇತ್ತೀಚೆಗೆ ಕೊಂಡ ಒಂದೆರಡು ಬ್ಲೂ-ರೇಗಳು, ಹೀಗೆ. ಟಿವಿಯ ತೆಳು ಧ್ವನಿಯಲ್ಲಿ ಅವನ್ನು ಕೇಳಿ ಬೇಸತ್ತವರು ಹೋಮ್ ಥಿಯೇಟರ್ ತರುತ್ತಾರೆ, ಕಂಡ ತೂತಿಗೆ ಹೊಂದುವ ಪಿನ್ನು ಚುಚ್ಚುತ್ತಾರೆ, ಏನೋ ಒಂದು ಧ್ವನಿ ಬರುತ್ತದೆ, ಆದರೆ ಕೊಟ್ಟ ಹಣಕ್ಕೆ ತಕ್ಕ ಧ್ವನಿ ಬರುವುದಿಲ್ಲ.

ಕಳೆದ ವರ್ಷ ಮಾಳಮಡ್ಡಿಯಲ್ಲಿರುವ ನನ್ನ ಅಣ್ಣನ ಮಗ ಫೋನ್ ಮಾಡಿ, "ಕಾಕಾ, ಐದೂ ಸ್ಪೀಕರ್ ಹಚ್ಚೇನ್ರಿ, ಆದ್ರ ಮುಂದಿನ ಎರಡರಾಗಷ್ಟ ಆವಾಜ್ ಬರಾಕತ್ತೈತಿ ನೋಡ್ರಿ" ಎಂದ. ಅಂಗಡಿಯವರ ಮಾತು ಕೇಳಿ ಅವನು ಆಗಲೇ ಎರಡು ಸಲ ಹೊಸ ಕೇಬಲ್ ತಂದಿದ್ದ. ಹೋಗಿ ನೋಡಿದರೆ ಒಂದು ವೈರೂ ತಪ್ಪಿರಲಿಲ್ಲ. ಪ್ಲೇಯರಿನ ಮೆನುವಿನಲ್ಲಿ ಒಂದೇ ಒಂದು ಸಾಲು ತಪ್ಪಾಗಿತ್ತು. ನಾನು ಕಂಡ ಇಂತಹ ತೊಂದರೆಗಳಲ್ಲಿ ಹೆಚ್ಚಿನವು ಇದೇ ಬಗೆಯವು. ಆದ್ದರಿಂದ ಈ ಲೇಖನದಲ್ಲಿ ವೈರಿಗೆ ಕೊಟ್ಟಷ್ಟೇ ಜಾಗವನ್ನು ಮೆನುವಿಗೂ ಕೊಟ್ಟಿದ್ದೇನೆ.

ಕೈ ಹಾಕುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರವನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಬೇಕು. ಡಿಸ್ಕಿನಲ್ಲಿ ಗಂಟು ಕಟ್ಟಿಟ್ಟಿರುವ ಧ್ವನಿಯನ್ನು ಬಿಚ್ಚಿ ಆರು ಪಾಲು, ಅಂದರೆ ಆರು ಚಾನೆಲ್ (ಐದು ಸ್ಪೀಕರಿಗೆ ಐದು, ತಗ್ಗು ಸ್ವರ ಅಂದರೆ ಬಾಸ್ ನುಡಿಸುವ ಸಬ್‌ವೂಫರಿಗೆ ಒಂದು; ಇದನ್ನೇ 5.1 ಎನ್ನುವುದು) ಮಾಡುವವರು ಯಾರು, ಪ್ಲೇಯರೋ ಥಿಯೇಟರೋ? ಚಿತ್ರ ಮತ್ತು ಧ್ವನಿ ಒಟ್ಟಿಗೆ ಹೊರಟು ಎಲ್ಲಿ ಬೇರೆಯಾಗುತ್ತವೆ, ಪ್ಲೇಯರಿನಲ್ಲೋ, ಥಿಯೇಟರಿನಲ್ಲೋ, ಟಿವಿಯಲ್ಲೋ? ಈ ಎರಡಕ್ಕೆ ಉತ್ತರ ಸಿಕ್ಕರೆ ಯಾವ ಕೇಬಲ್ ಬೇಕು, ಮೆನುವಿನಲ್ಲಿ ಯಾವುದನ್ನು ಒತ್ತಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಹಿಂಬದಿಯನ್ನು ಓದಿಕೊಳ್ಳುವುದು

ಪ್ಲೇಯರ್, ಥಿಯೇಟರ್, ಟಿವಿ ಮೂರನ್ನೂ ತಿರುಗಿಸಿ, ಒಳ್ಳೆಯ ಬೆಳಕಿನಲ್ಲಿ ಹಿಂಬದಿಯ ಫೋಟೋ ತೆಗೆದುಕೊಳ್ಳಿರಿ. ಗೋಡೆಗೂ ಕಪಾಟಿಗೂ ನಡುವೆ ಕುತ್ತಿಗೆ ತೂರಿಸಿ ಸಣ್ಣ ಅಕ್ಷರ ಓದುವುದಕ್ಕಿಂತ ಮೊಬೈಲಿನಲ್ಲಿ ಹಿಗ್ಗಿಸಿ ನೋಡುವುದು ಸುಲಭ.

ಹಳದಿ, ಬಿಳಿ, ಕೆಂಪು ಬಣ್ಣದ ಮೂರು ಪಿನ್ನುಗಳ ಕೇಬಲ್ ಎಲ್ಲರಿಗೂ ಗೊತ್ತು. ಹಳದಿ ಚಿತ್ರಕ್ಕೆ, ಬಿಳಿ ಎಡಗಡೆಯ ಧ್ವನಿಗೆ, ಕೆಂಪು ಬಲಗಡೆಯ ಧ್ವನಿಗೆ. ಹಸಿರು, ನೀಲಿ, ಕೆಂಪು ಒಟ್ಟಿಗಿದ್ದರೆ ಆ ಮೂರೂ ಚಿತ್ರದವು. ಅಲ್ಲಿನ ಕೆಂಪನ್ನು ಧ್ವನಿಯ ಕೆಂಪೆಂದು ತಿಳಿದು ಚುಚ್ಚಿ ದಿನವಿಡೀ ಒದ್ದಾಡಿದವರಿದ್ದಾರೆ. ಅದೇ ಆಕಾರದ ಕಿತ್ತಳೆ ಬಣ್ಣದ ಒಂಟಿ ತೂತು ಕೋ-ಆಕ್ಸಿಯಲ್ ಡಿಜಿಟಲ್ ಧ್ವನಿಯದು. ಸಣ್ಣ ಬಾಗಿಲಿನಂತಹ ಮುಚ್ಚಳವಿರುವ ಚೌಕ ತೂತು ಆಪ್ಟಿಕಲ್ ಧ್ವನಿಯದು. ಚಪ್ಪಟೆ ತೂತು ಎಚ್‌ಡಿಎಂಐ. ಚಿತ್ರ, ಧ್ವನಿ ಎರಡೂ ಅದರಲ್ಲೇ ಹೋಗುತ್ತವೆ. ಪ್ಲೇಯರಿನ "ಔಟ್" ಎಂಬುದು ಮುಂದಿನ ಉಪಕರಣದ "ಇನ್" ಎಂಬುದಕ್ಕೇ ಹೋಗಬೇಕು. ಈ ನಿಯಮಕ್ಕೆ ಒಂದೇ ಹೊರತು ಇದೆ: ಎಆರ್‌ಸಿ ಎಂದು ಬರೆದಿರುವ ಎಚ್‌ಡಿಎಂಐ ತೂತಿನಲ್ಲಿ ಧ್ವನಿ ಹಿಮ್ಮುಖವಾಗಿಯೂ ಹರಿಯುತ್ತದೆ.

ಯಾವ ದಾರಿ ಹಿಡಿಯಬೇಕು

ಥಿಯೇಟರಿಗೆ ಎಚ್‌ಡಿಎಂಐ ಇನ್ ಇದ್ದರೆ ಬೇರೆ ದಾರಿ ಹುಡುಕಬೇಡಿರಿ. ಪ್ಲೇಯರಿನಿಂದ ಒಂದು ಎಚ್‌ಡಿಎಂಐ ಕೇಬಲ್ ಥಿಯೇಟರಿಗೆ, ಥಿಯೇಟರಿನ ಎಚ್‌ಡಿಎಂಐ ಔಟಿನಿಂದ ಇನ್ನೊಂದು ಟಿವಿಗೆ. ಧ್ವನಿ ಥಿಯೇಟರಿನಲ್ಲಿ ಉಳಿಯುತ್ತದೆ, ಚಿತ್ರ ಮುಂದೆ ಸಾಗುತ್ತದೆ. ಬ್ಲೂ-ರೇ ಡಿಸ್ಕಿನಲ್ಲಿರುವ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ಎಂಬ ನಷ್ಟವಿಲ್ಲದ, ಅಂದರೆ ಗಂಟು ಕಟ್ಟುವಾಗ ಏನನ್ನೂ ಕಳೆಯದ, ಧ್ವನಿಗಳು ಪೂರ್ಣ ರೂಪದಲ್ಲಿ ತಲುಪುವುದು ಈ ದಾರಿಯಿಂದ. ಎರಡು ಮೀಟರ್ ಉದ್ದಕ್ಕೆ ಸಾಧಾರಣ ಹೈ-ಸ್ಪೀಡ್ ಕೇಬಲ್ ಸಾಕು. ಡಿಜಿಟಲ್ ಸಂಕೇತ ಸರಿಯಾಗಿ ತಲುಪಿದ ಮೇಲೆ, ಚಿನ್ನದ ಲೇಪನದ ದುಬಾರಿ ಕೇಬಲ್ ಅದನ್ನು ಇನ್ನಷ್ಟು ಚೆಂದ ಮಾಡಲಾರದು; ಕೊಪ್ಪಿಕರ್ ರಸ್ತೆಯ ಅಂಗಡಿಯಲ್ಲಿ ಆ ಹಣ ಉಳಿಸಿ ಒಳ್ಳೆಯ ಸ್ಪೀಕರ್ ವೈರು ಕೊಳ್ಳಿರಿ ಎಂಬುದು ನನ್ನ ಸಲಹೆ.

ಸೌಂಡ್‌ಬಾರ್ ಮಾದರಿಯ ಹಲವು ಥಿಯೇಟರುಗಳಲ್ಲಿ ಇನ್ ಇರುವುದಿಲ್ಲ, ಎಆರ್‌ಸಿ ಎಂಬ ಒಂದೇ ತೂತು ಇರುತ್ತದೆ. ಆಗ ಪ್ಲೇಯರನ್ನು ಟಿವಿಗೆ ಜೋಡಿಸಿ, ಟಿವಿಯಲ್ಲಿ ಎಆರ್‌ಸಿ ಎಂದು ಗುರುತಿರುವ ತೂತಿನಿಂದ ಥಿಯೇಟರಿನ ಎಆರ್‌ಸಿ ತೂತಿಗೆ ಕೇಬಲ್ ಹಾಕಬೇಕು. ಟಿವಿಯ ಬೇರೆ ಎಚ್‌ಡಿಎಂಐ ತೂತಿಗೆ ಹಾಕಿದರೆ ಏನೂ ಬರುವುದಿಲ್ಲ. ಜೊತೆಗೆ ಟಿವಿಯ ಮೆನುವಿನಲ್ಲಿ ಸಿಇಸಿ ಎಂಬ ಸೌಲಭ್ಯ ಚಾಲೂ ಇರಬೇಕು. ಸ್ಯಾಮ್‌ಸಂಗ್ ಇದನ್ನು ಎನಿನೆಟ್ ಪ್ಲಸ್ ಎಂದೂ, ಸೋನಿ ಬ್ರಾವಿಯಾ ಸಿಂಕ್ ಎಂದೂ, ಎಲ್‌ಜಿ ಸಿಂಪ್ಲಿಂಕ್ ಎಂದೂ ಕರೆಯುತ್ತವೆ. 2009ರಲ್ಲಿ ಬಂದ ಎಚ್‌ಡಿಎಂಐ 1.4ರೊಡನೆ ಸೇರಿದ ಸಾಮಾನ್ಯ ಎಆರ್‌ಸಿ ಡಾಲ್ಬಿ ಡಿಜಿಟಲ್ 5.1 ಧ್ವನಿಯನ್ನು ಸಾಗಿಸುತ್ತದೆ, ಆದರೆ ನಷ್ಟವಿಲ್ಲದ ಧ್ವನಿಗಳನ್ನು ಸಾಗಿಸಲು ಎರಡೂ ಕಡೆ ಅದರ ಸುಧಾರಿತ ರೂಪವಾದ ಇಎಆರ್‌ಸಿ ಇರಬೇಕು. ಡಿಟಿಎಸ್ ಧ್ವನಿಯನ್ನು ಎಲ್ಲ ಟಿವಿಗಳೂ ಮುಂದಕ್ಕೆ ಬಿಡುವುದಿಲ್ಲ ಎಂಬುದೂ ನೆನಪಿರಲಿ.

ಹಳೆಯ ಥಿಯೇಟರುಗಳಲ್ಲಿ ಆಪ್ಟಿಕಲ್ ಅಥವಾ ಕೋ-ಆಕ್ಸಿಯಲ್ ಇರುತ್ತದೆ. ಇಲ್ಲಿ ಚಿತ್ರ ಮತ್ತು ಧ್ವನಿ ಪ್ಲೇಯರಿನಲ್ಲಿಯೇ ಬೇರೆಯಾಗುತ್ತವೆ: ಚಿತ್ರ ಎಚ್‌ಡಿಎಂಐ ಮೂಲಕ ನೇರ ಟಿವಿಗೆ, ಧ್ವನಿ ಈ ಕೇಬಲಿನಿಂದ ನೇರ ಥಿಯೇಟರಿಗೆ. ಈ ಎರಡು ಕೇಬಲುಗಳೂ ಸಾಗಿಸುವುದು ಗಂಟು ಬಿಚ್ಚಿದ ಎರಡು ಚಾನೆಲಿನ ಧ್ವನಿಯನ್ನು, ಇಲ್ಲವೇ ಗಂಟು ಕಟ್ಟಿದ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ 5.1 ಧ್ವನಿಯನ್ನು. ಬಿಚ್ಚಿದ ಆರು ಚಾನೆಲ್ ಇದರಲ್ಲಿ ಹಿಡಿಸುವುದಿಲ್ಲ. ಈ ಮಾತು ಮುಂದೆ ಮೆನುವಿಗೆ ಬಂದಾಗ ಬಹಳ ಮುಖ್ಯವಾಗುತ್ತದೆ. ಡಿವಿಡಿಯ ಮಟ್ಟಿಗೆ ಈ ದಾರಿಯಲ್ಲಿ ಏನೂ ಕಡಿಮೆಯಾಗುವುದಿಲ್ಲ, ಏಕೆಂದರೆ ಡಿವಿಡಿಯ ಡಾಲ್ಬಿ ಡಿಜಿಟಲ್ ಧ್ವನಿ ಸೆಕೆಂಡಿಗೆ ಹೆಚ್ಚೆಂದರೆ 448 ಕಿಲೋಬಿಟ್‌ನಷ್ಟು ಮಾತ್ರ, ಅಷ್ಟು ಈ ಕೇಬಲುಗಳಲ್ಲಿ ಸಲೀಸಾಗಿ ಹಿಡಿಸುತ್ತದೆ.

ಹೊಸ ಆಪ್ಟಿಕಲ್ ಕೇಬಲಿನ ಎರಡೂ ತುದಿಗೆ ಪಾರದರ್ಶಕ ಪ್ಲಾಸ್ಟಿಕ್ ಟೊಪ್ಪಿಗೆ ಇರುತ್ತದೆ; ಅದನ್ನು ತೆಗೆಯದೆ ಒತ್ತಿದರೆ ತೂತು ಹಾಳಾಗುತ್ತದೆ. ಒಂದು ತುದಿಯನ್ನು ಪ್ಲೇಯರಿಗೆ ಹಾಕಿ ಚಾಲೂ ಮಾಡಿದರೆ ಇನ್ನೊಂದು ತುದಿಯಲ್ಲಿ ಕೆಂಪು ಬೆಳಕು ಕಾಣಬೇಕು. ಕಂಡರೆ ಕೇಬಲ್ ಸರಿಯಿದೆ. ಇದನ್ನು ಕರೆಂಟಿನ ವೈರಿನಂತೆ ಮಡಚಿ ಗಂಟು ಹಾಕಬಾರದು, ಒಳಗಿನ ಬೆಳಕಿನ ಎಳೆ ಮುರಿಯುತ್ತದೆ. ಕೋ-ಆಕ್ಸಿಯಲ್ ಕೇಬಲ್ ಸಿಗದಿದ್ದರೆ ಹಳೆಯ ಮೂರು ಬಣ್ಣದ ಕೇಬಲಿನ ಹಳದಿ ಎಳೆಯನ್ನು ಧಾರಾಳವಾಗಿ ಬಳಸಬಹುದು. ಎರಡೂ 75 ಓಮ್ ಲೆಕ್ಕದವೇ.

ನಮ್ಮ ಭಾಗದಲ್ಲಿ ಹೆಚ್ಚು ಕಾಣುವುದು ಮಾತ್ರ ಇವು ಯಾವುವೂ ಇಲ್ಲದ, ಹಿಂದೆ ಬಿಳಿ-ಕೆಂಪು ಪಿನ್ನು ಕೂಡುವ ಆರು ಆರ್‌ಸಿಎ ತೂತುಗಳಷ್ಟೇ ಇರುವ 5.1 ಸ್ಪೀಕರ್ ಸೆಟ್ಟು. ಅದರೊಳಗೆ ಡಾಲ್ಬಿಯ ಗಂಟು ಬಿಚ್ಚುವ ಶಕ್ತಿ ಇರುವುದಿಲ್ಲ. ಅದು ಬರೀ ಧ್ವನಿ ಹೆಚ್ಚಿಸುವ ಪೆಟ್ಟಿಗೆ. ಬಿಚ್ಚುವ ಕೆಲಸ ಪ್ಲೇಯರಿನದು. ಪ್ಲೇಯರಿನ ಹಿಂದೆ 5.1 ಔಟ್ ಎಂದು ಆರು ತೂತುಗಳಿದ್ದರೆ ಮುಂದಿನ ಎಡ, ಮುಂದಿನ ಬಲ, ನಡುವಿನದು, ಹಿಂದಿನ ಎಡ, ಹಿಂದಿನ ಬಲ, ಸಬ್‌ವೂಫರ್ ಎಂದು ಒಂದೊಂದನ್ನೂ ಹೆಸರು ಓದಿಯೇ ಜೋಡಿಸಬೇಕು. ಮೂರು ಜೋಡಿ ಕೇಬಲುಗಳಲ್ಲಿಯೂ ಬಿಳಿ-ಕೆಂಪು ಬಣ್ಣಗಳೇ ಇರುವುದರಿಂದ ನಡುವಿನದೂ ಸಬ್‌ವೂಫರಿನದೂ ಅದಲುಬದಲಾಗುವುದು ತೀರ ಸಾಮಾನ್ಯ; ಆಗ ನಾಯಕನ ಮಾತು ಊಫರಿನಿಂದ ಗೊಗ್ಗರಾಗಿ ಬರುತ್ತದೆ. ಪ್ರತಿ ಪಿನ್ನಿಗೂ ಬಿಳಿ ಟೇಪ್ ಸುತ್ತಿ, ಬಾಲ್‌ಪೆನ್ನಿನಿಂದ ಅದರ ಹೆಸರು ಬರೆದುಬಿಡಿರಿ. ಈ ಐದು ನಿಮಿಷದ ಕೆಲಸ ಮುಂದೆ ಹಲವು ಸಲ ಉಪಯೋಗಕ್ಕೆ ಬರುತ್ತದೆ.

ಹೊಸ ಪ್ಲೇಯರುಗಳಲ್ಲಿ ಈ ಆರು ತೂತುಗಳು ಅಪರೂಪ. ಅಂತಹ ಪ್ಲೇಯರನ್ನು ಹಳೆಯ ಆರು ಪಿನ್ನಿನ ಸೆಟ್ಟಿಗೆ ಜೋಡಿಸಬೇಕಾದರೆ ನಡುವೆ ಗಂಟು ಬಿಚ್ಚುವ 5.1 ಡಿಕೋಡರ್ ಪೆಟ್ಟಿಗೆ ಬೇಕು. ಕೊಳ್ಳುವಾಗ ಅದು ಡಾಲ್ಬಿ ಡಿಜಿಟಲ್ ಮತ್ತು ಡಿಟಿಎಸ್ ಎರಡನ್ನೂ ಬಿಚ್ಚುತ್ತದೆಯೇ ಎಂದು ಅಂಗಡಿಯಲ್ಲಿಯೇ ಒಂದು 5.1 ಡಿಸ್ಕ್ ಹಾಕಿಸಿ ನೋಡಿರಿ. ಎರಡು ಚಾನೆಲಿನ ಧ್ವನಿಯನ್ನೇ ಆರು ಕಡೆ ಹಂಚಿ ಸುಮ್ಮನಾಗುವ ಪೆಟ್ಟಿಗೆಗಳೂ ಇವೆ. ಹಿಂದಿನ ಸ್ಪೀಕರಿಗೆ ಕಿವಿ ಇಟ್ಟರೆ ಗೊತ್ತಾಗುತ್ತದೆ, ಅಲ್ಲಿಯೂ ಮುಂದಿನದೇ ಮಾತು ಕೇಳಿಸುತ್ತಿದ್ದರೆ ಆ ಪೆಟ್ಟಿಗೆ ಬೇಡ.

ಬಿಳಿ-ಕೆಂಪು ಎರಡೇ ಪಿನ್ನುಗಳ ದಾರಿ ಕೊನೆಯದು. ಸಂಗೀತದ ಸಿಡಿಗೆ, ವಿಸಿಡಿಗೆ ಅದು ಸಾಕು. ವಿಸಿಡಿಯಲ್ಲಿ ಇರುವುದೇ ಎರಡು ಚಾನೆಲಿನ ಧ್ವನಿ, ಅದರಿಂದ 5.1 ಹೊರಡಿಸಲು ಯಾವ ಕೇಬಲಿನಿಂದಲೂ ಆಗದು.

ಸ್ಪೀಕರಿನ ವೈರು

ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಪ್ಲಗ್ಗುಗಳನ್ನು ಕಿತ್ತ ಮೇಲೆಯೇ ಈ ಕೆಲಸಕ್ಕೆ ಕೂಡಬೇಕು. ವೈರಿನ ತುದಿಯ ಹೊದಿಕೆಯನ್ನು ಸುಮಾರು ಒಂದು ಸೆಂಟಿಮೀಟರಿನಷ್ಟು ಮಾತ್ರ ಸುಲಿದು, ತಾಮ್ರದ ಎಳೆಗಳನ್ನು ಬಿಗಿಯಾಗಿ ಹೊಸೆದು, ಕ್ಲಿಪ್ಪು ಒತ್ತಿ ಒಳಗೆ ತೂರಿಸಬೇಕು. ಒಂದೇ ಒಂದು ಎಳೆ ಹೊರಚಾಚಿ ಪಕ್ಕದ ತೂತಿಗೆ ತಾಗಿದರೂ ಥಿಯೇಟರ್ ತನ್ನನ್ನು ತಾನೇ ಬಂದ್ ಮಾಡಿಕೊಂಡು "ಪ್ರೊಟೆಕ್ಟ್" ಎಂದು ತೋರಿಸುತ್ತದೆ. ಅಂತಹ ರಕ್ಷಣೆ ಇಲ್ಲದ ಅಗ್ಗದ ಸೆಟ್ಟಾದರೆ ಒಳಗಿನ ಐಸಿ ಸುಟ್ಟೇ ಹೋಗುತ್ತದೆ.

ದಪ್ಪದ ಲೆಕ್ಕ ಹೀಗಿದೆ. ಒಂದು ಚದರ ಮಿಲಿಮೀಟರ್ ತಾಮ್ರದ ವೈರಿನ ರೋಧ ಮೀಟರಿಗೆ ಸುಮಾರು 0.017 ಓಮ್. ಹಿಂದಿನ ಸ್ಪೀಕರಿಗೆ ಗೋಡೆಯಂಚಿನಲ್ಲಿ ಸುತ್ತಿಕೊಂಡು 10 ಮೀಟರ್ ವೈರು ಹೋದರೆ, ಹೋಗುವ ಎಳೆ ಬರುವ ಎಳೆ ಸೇರಿ 20 ಮೀಟರಿಗೆ 0.34 ಓಮ್ ಆಗುತ್ತದೆ. ಸ್ಪೀಕರ್ 8 ಓಮಿನದಾದರೆ ಇದು ಲೆಕ್ಕಕ್ಕಿಲ್ಲ. 4 ಓಮಿನದಾದರೆ ಗಮನಿಸಬೇಕಾದಷ್ಟು. ಹಾಗಾಗಿ ಮುಂದಿನ ಮೂರಕ್ಕೆ 1 ಚದರ ಮಿಲಿಮೀಟರ್, ಹಿಂದಿನ ಎರಡಕ್ಕೆ 1.5 ಚದರ ಮಿಲಿಮೀಟರ್ ವೈರು ತಂದರೆ ನಿಶ್ಚಿಂತೆ. ಸೆಟ್ಟಿನೊಡನೆ ಬರುವ ಕೂದಲೆಳೆಯಂತಹ ವೈರಿಗೆ ತುಂಡು ತುಂಡು ಗಂಟು ಹಾಕಿ ಉದ್ದ ಮಾಡುವುದು ಬೇಡ. ಹಳೆಯ ಹೆಂಚಿನ ಮನೆಯಾದರೆ ವೈರನ್ನು ಪಿವಿಸಿ ಪಟ್ಟಿಯೊಳಗೆ ಹಾಯಿಸಿರಿ, ಇಲಿಗಳ ಕಾಟ ತಪ್ಪುತ್ತದೆ.

ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಎಂಬ ನಿಯಮ ಎಲ್ಲರಿಗೂ ಗೊತ್ತಿದ್ದರೂ ಕೈತಪ್ಪಿ ಅದಲುಬದಲಾಗುತ್ತದೆ. ಹಾಗಾದಾಗ ಧ್ವನಿ ನಿಲ್ಲುವುದಿಲ್ಲ, ಆದ್ದರಿಂದಲೇ ತಪ್ಪು ಕಣ್ಣಿಗೆ ಬೀಳುವುದಿಲ್ಲ: ಒಂದು ಸ್ಪೀಕರಿನ ಪರದೆ ಮುಂದೆ ಬರುವಾಗ ಇನ್ನೊಂದರದು ಹಿಂದೆ ಸರಿದು, ಬಾಸ್ ಸೊರಗಿ, ಮಾತು ಎಲ್ಲಿಂದಲೋ ತೇಲಿ ಬಂದಂತಾಗುತ್ತದೆ. ನನ್ನ ಮನೆಯಲ್ಲಿಯೇ ಒಂದು ಮಳೆಗಾಲವೆಲ್ಲ ಹೀಗೆ ಕೇಳಿದ್ದೇವೆ. ಗುರುತಿಲ್ಲದ ವೈರಾದರೆ ಅದನ್ನು ಥಿಯೇಟರಿನಿಂದ ಬಿಡಿಸಿ, 1.5 ವೋಲ್ಟಿನ ಸೆಲ್ಲಿಗೆ ಕ್ಷಣಮಾತ್ರ ಮುಟ್ಟಿಸಿ ನೋಡಬಹುದು. ಊಫರಿನ ಪರದೆ ಹೊರಕ್ಕೆ ಜಿಗಿದರೆ ಸೆಲ್ಲಿನ ಪ್ಲಸ್ ತುದಿಗೆ ತಾಗಿದ ಎಳೆಯೇ ಪ್ಲಸ್.

ಇನ್ನೊಂದು ಪರೀಕ್ಷೆ ನಮ್ಮ ಊರಿಗೇ ಹೇಳಿಮಾಡಿಸಿದಂತಿದೆ. ಹಳೆಯ ಕಾಲದ ಗಾಯಕರ ಮೊದಮೊದಲ ಧ್ವನಿಮುದ್ರಿಕೆಗಳು ಮೋನೊ, ಅಂದರೆ ಒಂದೇ ಚಾನೆಲಿನವು. ಅಂತಹ ಸಿಡಿಯನ್ನು ಹಾಕಿ, ಥಿಯೇಟರನ್ನು ಸ್ಟೀರಿಯೊ ಕ್ರಮದಲ್ಲಿಟ್ಟು, ಎರಡು ಮುಂದಿನ ಸ್ಪೀಕರುಗಳ ಸರಿನಡುವೆ ಕಣ್ಣು ಮುಚ್ಚಿ ಕೂಡಿರಿ. ಕಂಠ ಸ್ಪೀಕರೇ ಇಲ್ಲದ ನಟ್ಟನಡುವಿನ ಜಾಗದಿಂದ ಹೊರಟಂತೆ ಕೇಳಬೇಕು. ಅದು ಎರಡೂ ಬದಿಗೆ ಹರಡಿ ತಲೆಯೊಳಗೆ ಸುತ್ತುತ್ತಿದ್ದರೆ ಯಾವುದೋ ಒಂದು ಸ್ಪೀಕರಿನ ವೈರು ತಿರುವುಮುರುವಾಗಿದೆ.

ಮೆನುವಿನ ಕೆಲಸ

ಈಗ ಎಲ್ಲವನ್ನೂ ಚಾಲೂ ಮಾಡಿ, ಟಿವಿಯಲ್ಲಿ ಸರಿಯಾದ ಎಚ್‌ಡಿಎಂಐ ಮೂಲವನ್ನೂ ಥಿಯೇಟರಿನಲ್ಲಿ ಪ್ಲೇಯರಿನ ಮೂಲವನ್ನೂ ಆರಿಸಿರಿ. ಪ್ಲೇಯರಿನ ರಿಮೋಟಿನಲ್ಲಿ ಸೆಟಪ್ ಒತ್ತಿ ಆಡಿಯೊ ವಿಭಾಗಕ್ಕೆ ಹೋಗಿರಿ. ಅಲ್ಲಿ "ಡಿಜಿಟಲ್ ಔಟ್‌ಪುಟ್" ಎಂಬಂತಹ ಒಂದು ಸಾಲು ಇರುತ್ತದೆ. ಅದಕ್ಕೆ "ಪಿಸಿಎಂ" ಎಂದು ಕೊಟ್ಟರೆ ಗಂಟನ್ನು ಪ್ಲೇಯರೇ ಬಿಚ್ಚಿ ಕಳಿಸುತ್ತದೆ; "ಬಿಟ್‌ಸ್ಟ್ರೀಮ್" ಅಥವಾ "ರಾ" ಎಂದು ಕೊಟ್ಟರೆ ಗಂಟನ್ನು ಹಾಗೆಯೇ ದಾಟಿಸಿ, ಬಿಚ್ಚುವ ಕೆಲಸವನ್ನು ಥಿಯೇಟರಿಗೆ ಬಿಡುತ್ತದೆ.

ಅಣ್ಣನ ಮಗನ ಮನೆಯಲ್ಲಿ ಆಗಿದ್ದುದು ಇಷ್ಟೇ. ಆಪ್ಟಿಕಲ್ ಕೇಬಲ್ ಹಾಕಿ ಮೆನುವಿನಲ್ಲಿ ಪಿಸಿಎಂ ಬಿಟ್ಟಿದ್ದ. ಪ್ಲೇಯರ್ ಆರು ಚಾನೆಲನ್ನು ಬಿಚ್ಚಿತು, ಆದರೆ ಬಿಚ್ಚಿದ ಆರು ಆ ಕೇಬಲಿನಲ್ಲಿ ಹಿಡಿಯದ ಕಾರಣ ಎರಡಕ್ಕೆ ಇಳಿಸಿ ಕಳಿಸಿತು. ಬಿಟ್‌ಸ್ಟ್ರೀಮ್ ಒತ್ತಿದ ಕೂಡಲೇ ಥಿಯೇಟರಿನ ಮುಖದ ಮೇಲೆ "ಡಾಲ್ಬಿ ಡಿಜಿಟಲ್" ಎಂಬ ಅಕ್ಷರ ಬಂತು, ಬೆನ್ನ ಹಿಂದೆ ಮಳೆ ಸುರಿಯಿತು. ಚಿತ್ರದಲ್ಲಿ, ಅಂಗಳದಲ್ಲಲ್ಲ.

ಹೀಗಾಗಿ ಆಪ್ಟಿಕಲ್, ಕೋ-ಆಕ್ಸಿಯಲ್, ಎಆರ್‌ಸಿ ದಾರಿಗಳಿಗೆ ಬಿಟ್‌ಸ್ಟ್ರೀಮ್ ಕಡ್ಡಾಯ. ಎಚ್‌ಡಿಎಂಐ ಮೂಲಕ ನೇರ ಥಿಯೇಟರಿಗೆ ಹೋದಾಗ ಎರಡೂ ನಡೆಯುತ್ತವೆ, ಆದರೆ ನಾನು ಬಿಟ್‌ಸ್ಟ್ರೀಮ್ ಇಡುತ್ತೇನೆ, ಏಕೆಂದರೆ ಆಗ ಥಿಯೇಟರಿನ ಫಲಕದ ಮೇಲೆ ಡಿಸ್ಕಿನ ಧ್ವನಿಯ ನಿಜವಾದ ಹೆಸರು ಕಾಣುತ್ತದೆ. ಆರು ಪಿನ್ನಿನ ದಾರಿಯಲ್ಲಿ ಈ ಸಾಲಿಗೆ ಅರ್ಥವೇ ಇಲ್ಲ. ಅಲ್ಲಿ ಪ್ಲೇಯರಿನ "ಡೌನ್‌ಮಿಕ್ಸ್" (ಆರನ್ನು ಎರಡಕ್ಕೆ ಇಳಿಸುವುದು) ಎಂಬುದನ್ನು ಆಫ್ ಮಾಡಿ, ಸ್ಪೀಕರ್ ಸಂಖ್ಯೆಯನ್ನು 5.1 ಎಂದು ಆರಿಸಿ, ಸ್ಪೀಕರ್ ಸೆಟ್ಟಿನ ಮುಖದ ಮೇಲಿನ ಇನ್‌ಪುಟ್ ಗುಂಡಿಯನ್ನು ಆಕ್ಸ್‌ನಿಂದ 5.1ಕ್ಕೆ ತಿರುಗಿಸಬೇಕು.

ಕೆಲವು ಪ್ಲೇಯರುಗಳಲ್ಲಿ ಡಾಲ್ಬಿ, ಡಿಟಿಎಸ್, ಎಂಪೆಗ್ ಎಂದು ಮೂರು ಬೇರೆ ಸಾಲುಗಳಿರುತ್ತವೆ. ಡಿಟಿಎಸ್ ಕಾರ್ಖಾನೆಯಿಂದಲೇ ಆಫ್ ಆಗಿ ಬಂದಿರಬಹುದು, ಅದನ್ನು ಆನ್ ಮಾಡಬೇಕು. ಎಂಪೆಗ್ ಸಾಲನ್ನು ಮಾತ್ರ ಪಿಸಿಎಂನಲ್ಲಿಯೇ ಇಡಿರಿ. ವಿಸಿಡಿಯ ಧ್ವನಿ ಎಂಪೆಗ್ ಬಗೆಯದು, ಅದನ್ನು ಬಿಚ್ಚಲು ಬಹಳಷ್ಟು ಥಿಯೇಟರುಗಳಿಗೆ ಬಾರದು. ಡಿವಿಡಿ ಚೆನ್ನಾಗಿ ಕೇಳುತ್ತದೆ, ಮದುವೆಯ ವಿಸಿಡಿ ಮಾತ್ರ ಮೂಕವಾಗಿದೆ ಎಂಬ ದೂರಿಗೆ ಇದೊಂದು ಕಾರಣ. ಬ್ಲೂ-ರೇ ಪ್ಲೇಯರಿನಲ್ಲಿ "ಆಡಿಯೊ ಮಿಕ್ಸ್" ಅಥವಾ "ಸೆಕೆಂಡರಿ ಆಡಿಯೊ" ಎಂಬುದಿದ್ದರೆ ಆಫ್ ಇರಲಿ. ಅದು ಆನ್ ಇದ್ದರೆ ಮೆನುವಿನ ಟಿಕ್ ಟಿಕ್ ಸದ್ದನ್ನು ಬೆರೆಸುವ ಸಲುವಾಗಿ ನಷ್ಟವಿಲ್ಲದ ಧ್ವನಿಯನ್ನೇ ಪ್ಲೇಯರ್ ಕೈಬಿಡುತ್ತದೆ.

ಇಷ್ಟಾದರೂ ಎರಡೇ ಸ್ಪೀಕರ್ ನುಡಿದರೆ ಡಿಸ್ಕಿನ ಸ್ವಂತ ಮೆನುವನ್ನು ತೆರೆದು ನೋಡಿರಿ. ಅನೇಕ ಡಿವಿಡಿಗಳಲ್ಲಿ ಸ್ಟೀರಿಯೊ ಧ್ವನಿಯೇ ಮೊದಲು ಹತ್ತುತ್ತದೆ, 5.1 ಎಂಬುದನ್ನು ನಾವೇ ಆರಿಸಬೇಕು. ಇನ್ನು, ಡಿಸ್ಕೇ ಹತ್ತದಿದ್ದರೆ ಅದು ಜೋಡಣೆಯ ತಪ್ಪಾಗಿರಲಿಕ್ಕಿಲ್ಲ, ಡಿಸ್ಕು ಮಾರುವ ದೇಶಗಳನ್ನು ವಲಯಗಳಾಗಿ ಹಂಚಿದ್ದಾರೆ: ಭಾರತದ ಡಿವಿಡಿ ವಲಯ 5, ಬ್ಲೂ-ರೇ ವಲಯ ಸಿ. ಅಮೆರಿಕದಿಂದ ಬಂಧುಗಳು ತಂದ 1 ಮತ್ತು ಎ ವಲಯದ ಡಿಸ್ಕನ್ನು ಇಲ್ಲಿನ ಪ್ಲೇಯರ್ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಥಿಯೇಟರಿನ ಮೆನುವಿನಲ್ಲಿ ಮೂರು ಕೆಲಸಗಳಿವೆ. ಸ್ಪೀಕರುಗಳು ಚಿಕ್ಕವಾದರೆ "ಸ್ಮಾಲ್" ಎಂದು ಆರಿಸಿ, ಬಾಸನ್ನು ಊಫರಿಗೆ ಒಪ್ಪಿಸುವ ಗಡಿಯನ್ನು 80 ಹರ್ಟ್ಜ್‌ಗೆ ಇಡಬೇಕು. ಅಂಗೈಯಗಲದ ಸ್ಪೀಕರಾದರೆ 120ಕ್ಕೆ ಏರಿಸಬೇಕು. ಎರಡನೆಯದು ದೂರ. ಧ್ವನಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಹಿಡಿಯುವುದರಿಂದ, ನೀವು ಕೂಡುವ ಜಾಗದಿಂದ ಪ್ರತಿ ಸ್ಪೀಕರಿನ ದೂರವನ್ನು ಟೇಪು ಹಿಡಿದು ಅಳೆದು ತುಂಬಿದರೆ ಥಿಯೇಟರ್ ಹತ್ತಿರದವುಗಳ ಧ್ವನಿಯನ್ನು ಅಷ್ಟು ತಡೆದು ಎಲ್ಲವೂ ಒಟ್ಟಿಗೆ ಕಿವಿಗೆ ಬರುವಂತೆ ಮಾಡುತ್ತದೆ. ಪಡಸಾಲೆಯಲ್ಲಿ ತೂಗುಮಂಚವಿದ್ದು ಅದರ ಮೇಲೆಯೇ ಕುಳಿತು ನೋಡುವವರು ಅದನ್ನು ನಿಲ್ಲಿಸಿ ಅಳೆಯಬೇಕೆಂದು ಬೇರೆ ಹೇಳಬೇಕಿಲ್ಲ. ಮೂರನೆಯದು ಟೆಸ್ಟ್ ಟೋನ್. ಜೋಗದಂತಹ ಸದ್ದು ಒಂದೊಂದೇ ಸ್ಪೀಕರಿನಿಂದ ಸುತ್ತಿ ಬರುವಾಗ ಎಲ್ಲವೂ ಸಮ ಎತ್ತರದಲ್ಲಿ ಕೇಳುವಂತೆ ಏರಿಳಿಸಿರಿ. ಯಾವ ವೈರು ಎಲ್ಲಿಗೆ ಹೋಗಿದೆ ಎಂಬುದರ ತಪಾಸಣೆಯೂ ಇಲ್ಲಿಯೇ ಆಗುತ್ತದೆ.

ಪಡಸಾಲೆಯ ಪಾಲು

ಮುಂದಿನ ಎಡ-ಬಲ ಸ್ಪೀಕರುಗಳು ಮತ್ತು ನೀವು ಕೂಡುವ ಜಾಗ ಸೇರಿ ಸುಮಾರಾಗಿ ಸಮಬಾಹು ತ್ರಿಕೋನವಾಗಬೇಕು. ನಡುವಿನದು ಟಿವಿಯ ಕೆಳಗೆ, ಮುಖವನ್ನು ಕಿವಿಯತ್ತ ತುಸು ಎತ್ತಿ ಇರಲಿ. ಹಿಂದಿನವು ಹೆಸರಿಗೆ ಹಿಂದಿನವಾದರೂ ನಿಮ್ಮ ಎರಡು ಬದಿಗೆ, ಸ್ವಲ್ಪವೇ ಹಿಂದೆ, ಕಿವಿಗಿಂತ ಎರಡಡಿ ಮೇಲಿದ್ದರೆ ಚೆನ್ನ. ಹಳೆಯ ಮನೆಗಳಲ್ಲಿ ಸ್ಪೀಕರನ್ನು ಗೋಡೆಯ ಗೂಡಿನೊಳಗೆ ತಳ್ಳಿಡುವ ರೂಢಿ ಇದೆ, ನೋಡಲು ಅಂದ, ಕೇಳಲು ಕೊಡದಲ್ಲಿ ಮಾತಾಡಿದಂತೆ. ಗೂಡೇ ಬೇಕಾದರೆ ಅಂಚಿನವರೆಗೆ ಮುಂದೆ ಎಳೆದಿಡಿರಿ.

ಸಬ್‌ವೂಫರಿಗೆ ಜಾಗ ಹುಡುಕಲು ಒಂದು ವಿಚಿತ್ರ ಆದರೆ ನಂಬಬಹುದಾದ ಉಪಾಯವಿದೆ. ಅದನ್ನು ನೀವು ಕೂಡುವ ಜಾಗದಲ್ಲಿಯೇ ಇಟ್ಟು, ಬಾಸ್ ಹೆಚ್ಚಿರುವ ಹಾಡು ಹಾಕಿ, ಗೋಡೆಯಂಚಿನಲ್ಲಿ ಅಂಬೆಗಾಲಿಡುತ್ತ ಹೋಗಿರಿ. ಯಾವ ಜಾಗದಲ್ಲಿ ಬಾಸ್ ಗುಂಯ್‌ಗುಡದೆ ಸ್ಪಷ್ಟವಾಗಿ ಕೇಳುತ್ತದೆಯೋ ಅದೇ ಊಫರಿನ ಜಾಗ. ಮನೆಯವರು ನಕ್ಕರೆ ನಗಲಿ.

ಫರಸಿಕಲ್ಲಿನ ನೆಲ, ಬೋಳು ಗೋಡೆ, ಎತ್ತರದ ಮಾಡು ಇರುವ ಪಡಸಾಲೆಯಲ್ಲಿ ಧ್ವನಿ ಪುಟಿಪುಟಿದು ಮಾತು ಅಸ್ಪಷ್ಟವಾಗುತ್ತದೆ. ಇದಕ್ಕೆ ಅಂಗಡಿಯ ಫೋಮ್ ಹಲಗೆಗಳಿಗಿಂತ ಮೊದಲು ಮನೆಯಲ್ಲಿರುವುದನ್ನೇ ಬಳಸಬಹುದು. ಸ್ಪೀಕರಿಗೂ ನಿಮಗೂ ನಡುವಿನ ನೆಲದ ಮೇಲೆ ಒಂದು ದಪ್ಪನೆಯ ನವಲಗುಂದದ ಜಮಖಾನ ಹಾಸಿ, ಬೆನ್ನ ಹಿಂದಿನ ಗೋಡೆಗೆ ಒಂದು ಕೌದಿಯನ್ನು, ಗೋಡೆಗೆ ಅಂಟದಂತೆ ನಾಲ್ಕು ಬೆರಳು ಬಿಟ್ಟು ತೂಗುಹಾಕಿ ನೋಡಿರಿ. ಒಂದೇ ಕೈಚಪ್ಪಾಳೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಬಟ್ಟೆ ತಡೆಯುವುದು ಎತ್ತರದ ಸ್ವರಗಳ ಪ್ರತಿಧ್ವನಿಯನ್ನು; ಬಾಸಿನ ಗುಂಯ್‌ಗುಟ್ಟುವಿಕೆಗೆ ಅದರಿಂದ ಪ್ರಯೋಜನವಿಲ್ಲ, ಅದಕ್ಕೆ ಊಫರಿನ ಜಾಗವೇ ಮದ್ದು.

ಶಾಸ್ತ್ರೀಯ ಸಂಗೀತದ ಸಿಡಿ ಕೇಳುವಾಗ ಥಿಯೇಟರಿನ "ಹಾಲ್", "ಕಾನ್ಸರ್ಟ್" ಮುಂತಾದ ಕ್ರಮಗಳನ್ನು ತೆಗೆದು ಸ್ಟೀರಿಯೊಗೆ ಬನ್ನಿರಿ. ತಂಬೂರಿಯ ನಾದಕ್ಕೆ ಯಂತ್ರದಿಂದ ಸುಳ್ಳು ಪ್ರತಿಧ್ವನಿ ಹಚ್ಚುವುದು ಧಾರವಾಡದ ಫೇಡೆಗೆ ಸಕ್ಕರೆ ಪಾಕ ಸುರಿದಂತೆ.

ತೊಂದರೆ ಬಂದರೆ

ಸದಾ ಗುಂ ಎಂಬ ಒಂದೇ ಮಟ್ಟದ ಸದ್ದು ಕೇಳುತ್ತಿದ್ದರೆ ಅದು 50 ಹರ್ಟ್ಜ್ ಕರೆಂಟಿನ ಸದ್ದು. ಮೊದಲು ಕೇಬಲ್ ಟಿವಿ ಅಥವಾ ಡಿಶ್ಶಿನ ವೈರನ್ನು ಸೆಟ್‌ಟಾಪ್ ಬಾಕ್ಸಿನಿಂದ ಬಿಚ್ಚಿ ನೋಡಿರಿ. ಸದ್ದು ನಿಂತರೆ, ಆ ವೈರಿನ ಅರ್ತಿಂಗೂ ಮನೆಯ ಅರ್ತಿಂಗೂ ಸೇರಿ ಸುತ್ತು ಬಿದ್ದಿದೆ ಎಂದರ್ಥ. ಟಿವಿ, ಪ್ಲೇಯರ್, ಥಿಯೇಟರ್ ಮೂರನ್ನೂ ಒಂದೇ ಬೋರ್ಡಿನಿಂದ ನಡೆಸುವುದರಿಂದ ಬಹಳಷ್ಟು ಸಲ ಸರಿಹೋಗುತ್ತದೆ. ಇಲ್ಲವಾದರೆ ಧ್ವನಿಗೆ ಆಪ್ಟಿಕಲ್ ಕೇಬಲ್ ಬಳಸಿರಿ. ಅದರಲ್ಲಿ ಹರಿಯುವುದು ಬೆಳಕು, ಕರೆಂಟಲ್ಲ, ಆದ್ದರಿಂದ ಸುತ್ತು ಅಲ್ಲಿಯೇ ಕಡಿಯುತ್ತದೆ. ಪ್ಲಗ್ಗಿನ ಅರ್ತಿಂಗ್ ಪಿನ್ನನ್ನೇ ಮುರಿದು ಸದ್ದು ನಿಲ್ಲಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿರಿ, ಅದು ಜೀವಕ್ಕೆ ಅಪಾಯ.

ಧ್ವನಿ ಮೊದಲು ಬಂದು ತುಟಿ ಆಮೇಲೆ ಅಲುಗಿದರೆ, ಟಿವಿ ಚಿತ್ರವನ್ನು ತಿದ್ದಲು ಸಮಯ ತೆಗೆದುಕೊಳ್ಳುತ್ತಿದೆ ಎಂದು ತಿಳಿಯಬೇಕು. ಥಿಯೇಟರಿನ "ಲಿಪ್ ಸಿಂಕ್" ಅಥವಾ "ಆಡಿಯೊ ಡಿಲೇ"ಯನ್ನು ಹತ್ತತ್ತು ಮಿಲಿಸೆಕೆಂಡಿನಂತೆ ಏರಿಸುತ್ತ, ಸುದ್ದಿ ಓದುವವರ ತುಟಿ ನೋಡಿ ಹೊಂದಿಸಿರಿ. ಹೊಡೆದಾಟದ ಸದ್ದು ಮನೆ ನಡುಗಿಸಿ, ಮಾತು ಮಾತ್ರ ಕೇಳದಿದ್ದರೆ ನಡುವಿನ ಸ್ಪೀಕರನ್ನು ಎರಡು-ಮೂರು ಡೆಸಿಬೆಲ್ ಏರಿಸಿರಿ. ಮಾರ್ಚ್ ತಿಂಗಳಲ್ಲಿ ಪಕ್ಕದ ಮನೆಯಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳು ಓದುತ್ತಿದ್ದರೆ "ನೈಟ್ ಮೋಡ್" ಒತ್ತಿರಿ, ದೊಡ್ಡ ಸದ್ದು ತಗ್ಗಿ ಸಣ್ಣದು ಏರುತ್ತದೆ. ಡಿಸ್ಕ್ ತಡವರಿಸಿದರೆ ಮೆತ್ತನೆಯ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ದುಂಡಗೆ ತಿಕ್ಕಬಾರದು.

ಏಪ್ರಿಲ್, ಮೇ ತಿಂಗಳ ಅಡ್ಡಮಳೆಯ ಸಂಜೆಗಳಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ಗುಗಳನ್ನು ಗೋಡೆಯಿಂದ ಕೀಳಬೇಕು. ಸ್ವಿಚ್ ಆರಿಸಿದರೆ ಸಾಲದು. ಅದರೊಡನೆ ಕೇಬಲ್ ಅಥವಾ ಡಿಶ್ಶಿನ ವೈರನ್ನೂ ಬಿಚ್ಚಬೇಕು, ಏಕೆಂದರೆ ಸಿಡಿಲಿನ ಹೊಡೆತ ಆ ದಾರಿಯಿಂದ ಸೆಟ್‌ಟಾಪ್ ಬಾಕ್ಸಿಗೆ ಬಂದು, ಎಚ್‌ಡಿಎಂಐ ಹಿಡಿದು ಟಿವಿಗೂ ಥಿಯೇಟರಿಗೂ ದಾಟಬಲ್ಲದು. ಮಳೆ ನಿಂತ ಮೇಲೆ ಕತ್ತಲಲ್ಲಿ ಮತ್ತೆ ಎಲ್ಲವನ್ನೂ ಜೋಡಿಸುವಾಗ, ಪಿನ್ನುಗಳಿಗೆ ಸುತ್ತಿದ ಬಿಳಿ ಟೇಪಿನ ಮೇಲಿನ ಹೆಸರುಗಳನ್ನು ಟಾರ್ಚಿನ ಬೆಳಕಿನಲ್ಲಿ ಓದಿಕೊಂಡರೆ ಕೆಲಸ ಐದು ನಿಮಿಷದಲ್ಲಿ ಮುಗಿಯುತ್ತದೆ.